ಹೋಶೇಯನ ಕಥೆ ಹೆಂಡತಿಗೆ ಹಾಕಿದ ಕಟ್ಟಳೆಯೇ?

(ಕೌನ್ಸೆಲಿಂಗ್‌ಗೆ ನನ್ನ ಬಳಿ ಬಂದ ದಂಪತಿಯ ಊರು, ವಯಸ್ಸು, ಉದ್ಯೋಗ ಬದಲಿಸಿದ್ದೇನೆ. ಬರೆಯಲು ಇಬ್ಬರ ಒಪ್ಪಿಗೆಯೂ ಇದೆ.)

ಗಂಡನಿಗೆ ಸಹೋದ್ಯೋಗಿಯೊಬ್ಬರ ಜೊತೆ ಸಂಬಂಧವಿತ್ತು. ವಿಷಯ ಬಯಲಾದ ವಾರವೇ ಅವರು ಉಪವಾಸ ಪ್ರಾರ್ಥನೆಯಲ್ಲಿ ಎಲ್ಲರೆದುರು ಮೊಣಕಾಲೂರಿ ಅತ್ತರು. ಸಭೆಯ ಹಿರಿಯರು ಕರಗಿಹೋದರು. ಮನೆಗೆ ಬಂದು ಹೆಂಡತಿಯ ಮುಂದೆ ಸತ್ಯವೇದ (ಬೈಬಲ್) ತೆರೆದರು: ವ್ಯಭಿಚಾರಕ್ಕಿಳಿದ ಹೆಂಡತಿ ಗೋಮೆರಳನ್ನು ಪ್ರವಾದಿ ಹೋಶೇಯ ಮತ್ತೆ ಕರೆತರಲಿಲ್ಲವೇ? ದೇವರು ನಂಬಿಗಸ್ತನಾಗಿರುವಾಗ ನೀನೂ ಹಾಗಿರಬೇಡವೇ? ಅತ್ತೆ ಇನ್ನೊಂದು ಮಾತು ಸೇರಿಸಿದರು, ಇದು ನಿನಗೆ ದೇವರು ಕೊಟ್ಟ ಶಿಕ್ಷೆ ಎಂದು.

ಆಕೆ ನನ್ನ ಹತ್ತಿರ ಬಂದದ್ದು ಗಂಡನ ಮೇಲೆ ದೂರು ಹೇಳಲಿಕ್ಕಲ್ಲ. "ಮೇಡಂ, ಅವರನ್ನ ಕ್ಷಮಿಸೋಕೆ ಆಗ್ತಿಲ್ಲ. ನನ್ನ ವಿಶ್ವಾಸದಲ್ಲೇ ಏನೋ ಕೊರತೆ ಇರಬೇಕು" ಎಂದರು. ನಿದ್ದೆಯಿಲ್ಲ, ಊಟ ಸೇರದು, ಗಂಡ ಕೋಣೆಗೆ ಬಂದರೆ ಕೈ ನಡುಗುತ್ತದೆ.

ನಂಬಿಕೆಯುಳ್ಳವರಿಗೆ ಗ್ರಂಥ ಬದಿಗಿಡಿ ಎಂದರೆ ಕೌನ್ಸೆಲಿಂಗ್ ಅಲ್ಲಿಗೇ ಮುಗಿಯುತ್ತದೆ. ಹಾಗಾಗಿ ಹೋಶೇಯನನ್ನೇ ಇಬ್ಬರೂ ಕೂತು ಓದಿದೆವು. ಹಿರಿಯರು ಮೂರನೆಯ ಅಧ್ಯಾಯದ ಮೊದಲ ವಚನಕ್ಕೇ ಪುಸ್ತಕ ಮುಚ್ಚಿದ್ದರು. ಮೂರನೆಯ ವಚನದ ತನಕವಾದರೂ ಹೋಗಬಹುದಿತ್ತು. ಹದಿನೈದು ತುಂಡು ಬೆಳ್ಳಿ, ಮೇಲೆ ಒಂದೂವರೆ ಹೋಮೆರ್ (ಆ ಕಾಲದ ಧಾನ್ಯದ ಅಳತೆ) ಜವೆಗೋದಿ ತೆತ್ತು ಬಿಡಿಸಿ ತಂದವಳಿಗೆ ಪ್ರವಾದಿ ಮೊದಲು ಹೇಳಿದ್ದು, ಬಹಳ ದಿನ ಯಾರ ಸಂಗವೂ ಇಲ್ಲದೆ ಕಾದಿರು, ನಾನೂ ನಿನಗಾಗಿ ಹಾಗೆಯೇ ಇರುತ್ತೇನೆ ಎಂದು. ಕರೆತಂದ ರಾತ್ರಿಯೇ ಸಂಸಾರ ಶುರುವಾಗಲಿಲ್ಲ.

ಆ ಮದುವೆ ಇಸ್ರಾಯೇಲಿನ ಉತ್ತರ ರಾಜ್ಯಕ್ಕೆ ಹಿಡಿದ ಕನ್ನಡಿ. ಯೆಹೋವನ ಒಡಂಬಡಿಕೆಯಲ್ಲಿದ್ದ ಜನ ಬಾಳನೆಂಬ ಅನ್ಯದೇವರ ಹಿಂದೆ ಹೋಗಿದ್ದರು. ಎರಡನೆಯ ಯಾರೊಬ್ಬಾಮನ ಸಿರಿತನದ ನಂತರ ಆರು ಅರಸರು ಬಂದರು. ಅವರಲ್ಲಿ ನಾಲ್ವರು ಕೊಲೆಯಾದರು. ಕ್ರಿ.ಪೂ. 722ರ ಹೊತ್ತಿಗೆ ರಾಜಧಾನಿ ಸಮಾರ್ಯ ಅಶ್ಶೂರ ಸಾಮ್ರಾಜ್ಯದ ಪಾಲಾಯಿತು. ದೇವರ ಪ್ರೀತಿ ಇತ್ತು, ಆದರೂ ಸಮಾರ್ಯ ಉಳಿಯಲಿಲ್ಲ. ಪ್ರವಾದಿ ಯೆರೆಮೀಯನಂತೂ ಇನ್ನೂ ನೇರ: ಇಸ್ರಾಯೇಲಿಗೆ ದೇವರೇ ತ್ಯಾಗಪತ್ರ (ವಿಚ್ಛೇದನ ಪತ್ರ) ಕೊಟ್ಟ ಎನ್ನುತ್ತಾನೆ, ಅದೇ ಅಧ್ಯಾಯದಲ್ಲಿ ತಿರುಗಿಕೊಳ್ಳಿರೆಂದು ಕರೆಯುವ ದೇವರು ಕೂಡ ಆತನೇ. ಆಕೆ ಈ ವಚನವನ್ನು ಎರಡು ಸಲ ಓದಿದರು. ದೇವರು ತ್ಯಾಗಪತ್ರ ಬರೆದದ್ದುಂಟೆಂದು ಯಾವ ಪ್ರಸಂಗದಲ್ಲೂ ಅವರು ಕೇಳಿರಲಿಲ್ಲ.

ಆದರೆ ಅವರ ಹೆಗಲ ಭಾರ ಇಳಿದದ್ದು ಹೋಶೇಯನ ಹನ್ನೊಂದನೆಯ ಅಧ್ಯಾಯದಲ್ಲಿ. ಎಫ್ರಾಯೀಮನ್ನು, ಅಂದರೆ ಆ ಉತ್ತರ ರಾಜ್ಯವನ್ನು, ಹೇಗೆ ಕೈಬಿಡಲಿ ಎಂದು ಮರುಗುವ ದೇವರು ಅದಕ್ಕೆ ಕೊಡುವ ಕಾರಣ, ತಾನು ಮನುಷ್ಯನಲ್ಲ, ದೇವರು ಎಂಬುದು. ಆ ತಾಳ್ಮೆಗೆ ಅಲ್ಲಿ ಸಿಗುವ ಆಧಾರ ಅದೊಂದೇ. ಅದನ್ನೇ ಮನುಷ್ಯಳೊಬ್ಬಳ ಕರ್ತವ್ಯವೆಂದು ಹೇರುವುದು ಆ ವಚನಕ್ಕೇ ವಿರುದ್ಧ ಎಂದೆ. ಅತ್ತೆಯ ಮಾತಿಗೆ 89ನೆಯ ಕೀರ್ತನೆ ಓದಿದೆವು. ಅಲ್ಲಿ ಬೆತ್ತ ಬೀಳುವುದು ಒಡಂಬಡಿಕೆ ಮೀರಿದವರ ಮೇಲೆ. ಮೋಸಹೋದವರ ಮೇಲಲ್ಲ. ಬೆತ್ತ ಬಿದ್ದ ಮೇಲೂ ಕೃಪೆ ಹಿಂದೆ ಸರಿಯುವುದಿಲ್ಲ.

ಗಂಡನ ಜೊತೆ ಬೇರೆಯಾಗಿ ಮಾತಾಡಿದೆ. "ದೇವರೇ ಕ್ಷಮಿಸಿದ ಮೇಲೆ ಇವಳದೇನ್ರೀ?" ಎಂದು ಸಿಟ್ಟಾದರು. ವ್ಯಭಿಚಾರ ಮಾಡಿದ ಅರಸ ದಾವೀದನ ಪಾಪವನ್ನು ಕರ್ತನು ತೆಗೆದುಹಾಕಿದ್ದಾನೆಂದು ಪ್ರವಾದಿ ನಾತಾನ ಸಾರಿದ ಮೇಲೂ ಕತ್ತಿ ದಾವೀದನ ಮನೆ ಬಿಡಲಿಲ್ಲ ಎಂದೆ. ಆಮೇಲೆ ಹೋಶೇಯ ಆರನೆಯ ಅಧ್ಯಾಯ ಅವರೇ ಓದಲಿ ಎಂದು ಕೊಟ್ಟೆ: ಜನ ಚೆಂದದ ಪಶ್ಚಾತ್ತಾಪದ ಮಾತಾಡುತ್ತಾರೆ, ದೇವರು ನಿಮ್ಮ ಪ್ರೀತಿ ಬೆಳಗಿನ ಮಂಜಿನಂತೆ ಎನ್ನುತ್ತಾನೆ. ಓದಿ ತುಂಬ ಹೊತ್ತು ಸುಮ್ಮನಿದ್ದರು.

ಕೊಟ್ಟ ಸಲಹೆಗಳು ಸರಳ. ಗಂಡ ಸದ್ಯ ಅಣ್ಣನ ಮನೆಯಲ್ಲಿರಲಿ, ಆಫೀಸಿನಲ್ಲಿ ವರ್ಗಾವಣೆ ಕೇಳಲಿ. ಇಬ್ಬರೂ ಸರ್ಕಾರಿ ಆಸ್ಪತ್ರೆಯಲ್ಲಿ ಎಚ್‌ಐವಿ ಮತ್ತು ಲೈಂಗಿಕ ರೋಗಗಳ ಪರೀಕ್ಷೆ ಮಾಡಿಸಲಿ. ಪ್ರಾರ್ಥನಾ ಗುಂಪುಗಳಲ್ಲಿ ಈ ಮಾತು ಯಾರ ಬಾಯಲ್ಲೂ ಬರುವುದಿಲ್ಲ, ಅದಕ್ಕೇ ಮೊದಲು ಹೇಳುತ್ತೇನೆ. ಹೆಂಡತಿ ತನ್ನ ಕಾನೂನಿನ ಸ್ಥಾನ ವಕೀಲರಿಂದ ತಿಳಿದುಕೊಳ್ಳಲಿ, ಬಳಸುವುದು ಬಿಡುವುದು ನಂತರದ ಮಾತು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಯಲ್ಲಿ ಗಂಡನ ವ್ಯಭಿಚಾರವೊಂದೇ ಹೆಂಡತಿಗೆ ಸಾಕಾಗುತ್ತಿರಲಿಲ್ಲ, ಜೊತೆಗೆ ಕ್ರೌರ್ಯವೋ ಪರಿತ್ಯಾಗವೋ ಬೇಕಿತ್ತು. 2001ರ ತಿದ್ದುಪಡಿ ಆ ತಾರತಮ್ಯ ತೆಗೆಯಿತು. ವಿಚ್ಛೇದನವಿಲ್ಲದೆ ಕೋರ್ಟ್ ಮೂಲಕ ಬೇರೆ ವಾಸಿಸುವ ದಾರಿಯೂ ಇದೆ.

ಹಿರಿಯರಿಗೆ ಒಂದೇ ಕೋರಿಕೆ: ಸಭೆಯ ಮುಂದೆ ಆಕೆಯಿಂದ ಕ್ಷಮೆಯ ಸಾಕ್ಷಿ ಹೇಳಿಸಬೇಡಿ. ಪಾಸ್ಟರ್ ಒಪ್ಪಿದರು. ನಾನು ಮನೆ ಒಡೆಯುತ್ತಿದ್ದೇನೆ ಎಂಬುದು ಹಿರಿಯರಲ್ಲೊಬ್ಬರ ಅಭಿಪ್ರಾಯ, ಈಗಲೂ.

ಆಕೆ ಇನ್ನೂ ಏನೂ ತೀರ್ಮಾನಿಸಿಲ್ಲ. ಮುಂದಿನ ಭೇಟಿಗೆ ಗಂಡ ಪಿಎಫ್ ಸಾಲದ ಕಾಗದ, ಬ್ಯಾಂಕ್ ಸ್ಟೇಟ್‌ಮೆಂಟ್ ತರುತ್ತಾರೆ. ಅದನ್ನು ಕೇಳಿದ್ದು ಆಕೆಯೇ.