ಮೈಕೆಲ್ ಕೇನ್ ಹುಟ್ಟಿನ ಹೆಸರಲ್ಲ

ಬ್ರಿಟಿಷ್ ಚಿತ್ರನಟ ಮೈಕೆಲ್ ಕೇನ್ ಅವರದು ಹುಟ್ಟಿನ ಹೆಸರೇ, ಅವರು ನಾಟಕಶಾಲೆಯಲ್ಲಿ ಕಲಿತವರೇ ಎಂದು ಕೇಳಿದ್ದೀರಿ. ಎರಡೂ ಅಲ್ಲ. 1933ರಲ್ಲಿ ಲಂಡನ್ನಿನಲ್ಲಿ ಹುಟ್ಟಿದಾಗ ಅವರು ಮಾರಿಸ್ ಮಿಕಲ್‌ವೈಟ್. ತಂದೆ ಬಿಲ್ಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯಲ್ಲಿ ಹಮಾಲಿ. ಕೊರಿಯಾದಲ್ಲಿ ಸೈನಿಕರಾಗಿದ್ದು ಮರಳಿದ ಮೇಲೆ ಹಾರ್ಷಮ್ ಊರಿನ ನಾಟಕ ಕಂಪನಿಯಲ್ಲಿ ರಂಗದ ಹಿಂದಿನ ಚಾಕರಿಗೆ ಸೇರಿ, ಅಲ್ಲಿಯೇ ನಟನೆ ಕಲಿತರು. ಹೆಸರು ಸಿಕ್ಕಿದ್ದು 1954ರಲ್ಲಿ. ಟೆಲಿಫೋನ್ ಬೂತಿನಿಂದ ಏಜೆಂಟರೊಡನೆ ಮಾತನಾಡುತ್ತಿದ್ದಾಗ ಎದುರಿನ ಚಿತ್ರಮಂದಿರದ ಮೇಲೆ ‘ದಿ ಕೇನ್ ಮ್ಯುಟಿನಿ’ ಎಂದು ಕಂಡಿತಂತೆ!

ನನಗೆ ಹೆಚ್ಚು ಇಷ್ಟವಾದದ್ದು 1964ರ ‘ಝುಲು’ ಚಿತ್ರದ ಪ್ರಸಂಗ. ಲಂಡನ್ನಿನ ಬಡ ಬಡಾವಣೆಗಳ ಕಾಕ್ನಿ ಮಾತಿನ ಕೇನ್, ತಮ್ಮಂಥದೇ ಒಬ್ಬ ಸಾಮಾನ್ಯ ಸಿಪಾಯಿಯ ಪಾತ್ರ ಕೇಳಿಕೊಂಡು ಹೋಗಿದ್ದರು. ಅದು ಆಗಲೇ ಬೇರೆಯವರ ಪಾಲಾಗಿತ್ತು. ನಿರ್ದೇಶಕ ಸೈ ಎಂಡ್‌ಫೀಲ್ಡ್ ಕೇನ್‌ಗೆ ಕೊಟ್ಟದ್ದು ದೊಡ್ಡ ಮನೆತನದ ಅಧಿಕಾರಿಯ ಪಾತ್ರ. ಎಂಡ್‌ಫೀಲ್ಡ್ ಅಮೆರಿಕದವರು, ಇಂಗ್ಲಿಷ್ ನಿರ್ದೇಶಕನಾಗಿದ್ದರೆ ಆ ಉಚ್ಚಾರಣೆ ಕೇಳಿದೊಡನೆ ಬಾಗಿಲು ತೋರಿಸುತ್ತಿದ್ದ ಎಂಬುದು ಕೇನ್ ಅವರ ಅಭಿಪ್ರಾಯ. ನಾನೂ ಒಪ್ಪುತ್ತೇನೆ. ಅಷ್ಟು ಹೊತ್ತಿಗೆ ಅವರಿಗೆ ಮೂವತ್ತು ದಾಟಿತ್ತು.

ಅಂದ ಹಾಗೆ, ದಾಖಲೆಯಲ್ಲಿ ಅವರು ಮೈಕೆಲ್ ಕೇನ್ ಆದದ್ದು 2016ರಲ್ಲಿ. ವಿಮಾನ ನಿಲ್ದಾಣಗಳಲ್ಲಿ ಮುಖ ಒಂದು, ಪಾಸ್‌ಪೋರ್ಟಿನ ಹೆಸರು ಇನ್ನೊಂದು ಎಂದು ತಪಾಸಣೆಯವರು ತಡೆಯುತ್ತಿದ್ದರು.