ಓದುಗರ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಕ್ಯಾಮೆರಾ ಟ್ರಾಲಿ

ಪ್ರಶ್ನೆ: ನಾವು ನಾಲ್ವರು ಗೆಳೆಯರು ಸೇರಿ ಸಾಗರದ ಸಮೀಪದ ಹಳೆಯ ತೊಟ್ಟಿ ಮನೆಯೊಂದರಲ್ಲಿ ಕಿರುಚಿತ್ರ ಮಾಡಲು ಹೊರಟಿದ್ದೇವೆ. ಜಗಲಿಯ ಉದ್ದಕ್ಕೂ ಕ್ಯಾಮೆರಾ ನಿಧಾನವಾಗಿ ಸಾಗುವ ಎರಡು ಶಾಟ್‌ಗಳು ಕಥೆಗೆ ಅಗತ್ಯವಾಗಿವೆ. ಟ್ರ್ಯಾಕ್ ಮತ್ತು ಟ್ರಾಲಿಯನ್ನು ಬೆಂಗಳೂರಿನಿಂದ ಬಾಡಿಗೆಗೆ ತರಿಸಿದರೆ ಸಾಗಣೆಯ ವೆಚ್ಚವೇ ನಮ್ಮ ಕೈಮೀರುತ್ತದೆ. ಕ್ಯಾಮೆರಾ, ಲೆನ್ಸ್, ಟ್ರೈಪಾಡ್ ಎಲ್ಲ ಸೇರಿ ಐದು ಕಿಲೋ ತೂಗಬಹುದು. ಕೆಲವೇ ಸಾವಿರ ರೂಪಾಯಿಗಳಲ್ಲಿ ನಾವೇ ಟ್ರಾಲಿ ಮಾಡಿಕೊಳ್ಳುವುದು ಸಾಧ್ಯವೇ?
– ಓದುಗರು, ಶಿವಮೊಗ್ಗ ಜಿಲ್ಲೆ

ಉತ್ತರ: ಖಂಡಿತ ಸಾಧ್ಯವಿದೆ. ಆದರೆ ಹಣವನ್ನೂ ಶ್ರಮವನ್ನೂ ಎಲ್ಲಿ ಹಾಕಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಿ. ಮನೆಯಲ್ಲಿ ಟ್ರಾಲಿ ಮಾಡುವವರು ಸಾಮಾನ್ಯವಾಗಿ ಹಲಗೆಯನ್ನು ನುಣುಪು ಮಾಡಿಸುವುದರಲ್ಲಿ, ಅದಕ್ಕೆ ಹಿಡಿಕೆ ಕೂರಿಸುವುದರಲ್ಲಿ ದಿನ ಕಳೆದು, ಹಳಿಯ ಬಗ್ಗೆ ಕೊನೆಯ ಗಳಿಗೆಯಲ್ಲಿ ಯೋಚಿಸುತ್ತಾರೆ. ಹಲಗೆ ಹೇಗಿದ್ದರೂ ನಡೆಯುತ್ತದೆ. ಹಳಿಯಲ್ಲಿರುವ ಒಂದೊಂದು ಉಬ್ಬುತಗ್ಗೂ ಪರದೆಯ ಮೇಲೆ ಕಾಣುತ್ತದೆ. ಆದ್ದರಿಂದ ನಿಮ್ಮ ಹಣದಲ್ಲಿ ದೊಡ್ಡ ಪಾಲು ಚಕ್ರಕ್ಕೂ, ಸಮಯದಲ್ಲಿ ದೊಡ್ಡ ಪಾಲು ಹಳಿಗೂ ಸಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಚಕ್ರ. ದೊಡ್ಡವರು ಬಳಸುವ ಇನ್‌ಲೈನ್ ಸ್ಕೇಟ್ಸ್‌ನ (ಒಂದೇ ಸಾಲಿನಲ್ಲಿ ಚಕ್ರಗಳಿರುವ ಸ್ಕೇಟಿಂಗ್ ಬೂಟು) ಒಂದು ಜೊತೆಯಲ್ಲಿ ಸಾಮಾನ್ಯವಾಗಿ ಎಂಟು ಚಕ್ರಗಳಿರುತ್ತವೆ, ಪ್ರತಿ ಚಕ್ರದಲ್ಲಿ ಎರಡು ಬೇರಿಂಗ್‌ಗಳಿರುತ್ತವೆ. ಯಾರಾದರೂ ಬಳಸಿ ಬಿಟ್ಟ ಎರಡು ಜೊತೆ ಸಿಕ್ಕರೆ ಟ್ರಾಲಿಗೆ ಬೇಕಾದ ಹದಿನಾರು ಚಕ್ರಗಳೂ ಬೇರಿಂಗ್ ಸಮೇತ ದೊರೆತಂತಾಗುತ್ತದೆ. ಈ ಬೇರಿಂಗ್‌ನ ಸಂಖ್ಯೆ 608. ಒಳವ್ಯಾಸ 8 ಮಿ.ಮೀ., ಹೊರವ್ಯಾಸ 22 ಮಿ.ಮೀ., ದಪ್ಪ 7 ಮಿ.ಮೀ. ಹೀಗಾಗಿ ಯಾವುದೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 8 ಮಿ.ಮೀ. ಬೋಲ್ಟ್ ಇದಕ್ಕೆ ಅಚ್ಚಾಗಿ ಹೊಂದುತ್ತದೆ. ಗುಜರಿ ಅಂಗಡಿಯಲ್ಲಿ ಸಿಗುವ ಗಟ್ಟಿ ಪ್ಲಾಸ್ಟಿಕ್ಕಿನ ಪೀಠೋಪಕರಣದ ಗಾಲಿಗಳು ಅಗ್ಗವೆಂದು ಅವುಗಳತ್ತ ಹೋಗಬೇಡಿ. ಅವು ಸದ್ದು ಮಾಡುತ್ತವೆ, ಸಣ್ಣ ಕಲ್ಲಿನ ಚೂರು ಸಿಕ್ಕರೂ ಜಿಗಿಯುತ್ತವೆ. ಸ್ಕೇಟ್ಸ್‌ನ ಪಾಲಿಯುರಿಥೇನ್ ಚಕ್ರ ಸ್ವಲ್ಪ ಮೆದುವಾಗಿದ್ದು ಅಂಥ ಅದುರನ್ನು ತಾನೇ ನುಂಗಿಕೊಳ್ಳುತ್ತದೆ.

ಚಕ್ರಗಳನ್ನು ಕೂರಿಸಲು 50 ಮಿ.ಮೀ. ಅಳತೆಯ ಕಬ್ಬಿಣದ ಎಲ್ ಆಂಗಲ್‌ನಿಂದ 20 ಸೆಂ.ಮೀ. ಉದ್ದದ ನಾಲ್ಕು ತುಂಡುಗಳನ್ನು ಕತ್ತರಿಸಿಕೊಳ್ಳಿ. ಆಂಗಲ್‌ನ ಮೂಲೆ ಕೆಳಮುಖವಾಗಿರಲಿ. ಎರಡೂ ರೆಕ್ಕೆಗಳ ಹೊರಮೈಗೆ, ತುಂಡಿನ ಎರಡೂ ತುದಿಗಳಲ್ಲಿ ಒಂದೊಂದರಂತೆ ಒಟ್ಟು ನಾಲ್ಕು ಚಕ್ರಗಳು ಬರಲಿ. ಆಗ ಎದುರುಬದುರಾದ ಎರಡು ಚಕ್ರಗಳು ತಲಾ 45 ಡಿಗ್ರಿ ವಾಲಿಕೊಂಡು, ಹಳಿಯಾಗಿ ಹಾಸುವ ಪೈಪಿನ ನೆತ್ತಿಯನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ಹಳಿ ತಪ್ಪುವ ಭಯ ಇದರಿಂದಲೇ ಬಹುಪಾಲು ನೀಗುತ್ತದೆ. 76 ಮಿ.ಮೀ. ವ್ಯಾಸದ ಚಕ್ರ ಮತ್ತು ಒಂದು ಇಂಚಿನ ಪೈಪಿಗೆ ಬೋಲ್ಟಿನ ತೂತು ಮೂಲೆಯಿಂದ ಸುಮಾರು 40 ಮಿ.ಮೀ. ದೂರದಲ್ಲಿರಬೇಕು. ಆಂಗಲ್‌ನ ಮೂಲೆ ಪೈಪಿಗೆ ತಾಗದಂತೆ, ಚಕ್ರ ಮತ್ತು ಆಂಗಲ್ ನಡುವೆ ಒಂದೆರಡು ವಾಷರ್ ಹಾಕಿ ಅಂತರವನ್ನು ಸರಿಪಡಿಸಿಕೊಳ್ಳಿ. ಎಲ್ಲ ತೂತುಗಳನ್ನು ಕೊರೆಯುವ ಮೊದಲು ಒಂದೇ ಜೊತೆ ಚಕ್ರವನ್ನು ಪೈಪಿನ ತುಂಡಿನ ಮೇಲೆ ಕೂರಿಸಿ ನೋಡುವುದು ಕ್ಷೇಮ. ಬಳಿಕ ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್‌ನ ತೆರೆದ ಬಾಯಿಗೆ, ನಡುಭಾಗದಲ್ಲಿ ಮಾತ್ರ, ಒಂದು ಕಬ್ಬಿಣದ ಪಟ್ಟಿಯನ್ನು ಬೆಸೆಸಿ, ಅದರ ಮಧ್ಯದ ತೂತಿನ ಮೂಲಕ ಒಂದೇ ಬೋಲ್ಟಿನಿಂದ ಹಲಗೆಗೆ ಜೋಡಿಸಿ.

ಒಂದೇ ಬೋಲ್ಟ್ ಎಂದುದಕ್ಕೆ ಕಾರಣವಿದೆ. ನೀವು ಎಷ್ಟೇ ಜಾಗರೂಕತೆಯಿಂದ ಹಾಸಿದರೂ ಎರಡು ಪೈಪುಗಳು ಉದ್ದಕ್ಕೂ ಪೂರ್ತಿ ಸಮಾನಾಂತರವಾಗಿರುವುದಿಲ್ಲ. ನಾಲ್ಕೂ ಮೂಲೆಗಳನ್ನು ಬಿಗಿಯಾಗಿ ಕಟ್ಟಿಹಾಕಿದರೆ ಅಂತರ ಬದಲಾದ ಕಡೆಯಲ್ಲೆಲ್ಲ ಟ್ರಾಲಿ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಎದ್ದು ಬೀಳುತ್ತದೆ. ಆಂಗಲ್ ತನ್ನ ಬೋಲ್ಟಿನ ಸುತ್ತ ತುಸು ತಿರುಗುವಂತಿರಬೇಕು. ಜೊತೆಗೆ ಒಂದು ಬದಿಯ ಎರಡು ಆಂಗಲ್‌ಗಳಿಗೆ ಹಲಗೆಯಲ್ಲಿ ದುಂಡು ತೂತಿನ ಬದಲು ಅಡ್ಡಕ್ಕೆ ಎರಡು ಸೆಂ.ಮೀ. ಉದ್ದದ ಸೀಳುತೂತು ಕೊರೆಸಿ, ನೈಲಾಕ್ ನಟ್ಟನ್ನು (ಅದುರಿಗೆ ತಾನಾಗಿ ಸಡಿಲವಾಗದ ನಟ್ಟು) ಪೂರ್ತಿ ಬಿಗಿಯದೆ ಬಿಡಿ. ಆಗ ಒಂದು ಹಳಿ ದಾರಿ ತೋರಿಸುತ್ತದೆ, ಇನ್ನೊಂದು ಹಳಿ ಭಾರ ಹೊರುತ್ತದೆ. ಮನೆಯಲ್ಲಿ ಮಾಡಿದ ಟ್ರಾಲಿಗಳ ಕುಲುಕಾಟ ಹೆಚ್ಚಾಗಿ ಹುಟ್ಟುವುದು ಈ ಸಣ್ಣ ಏರ್ಪಾಡು ಇಲ್ಲದಿರುವುದರಿಂದಲೇ.

ಹಲಗೆಗೆ 18 ಮಿ.ಮೀ. ಪ್ಲೈವುಡ್ ಸಾಕು. ವೃತ್ತಿಪರರ ಹಳಿಗಳ ನಡುವಿನ ಅಂತರ ಸಾಮಾನ್ಯವಾಗಿ 62 ಸೆಂ.ಮೀ.; ನೀವೂ ಅದನ್ನೇ ಇಟ್ಟುಕೊಂಡರೆ ಮುಂದೊಮ್ಮೆ ಬಾಡಿಗೆ ಹಳಿ ಸಿಕ್ಕಾಗ ಇದೇ ಟ್ರಾಲಿಯನ್ನು ಅದರ ಮೇಲೂ ಪ್ರಯತ್ನಿಸಿ ನೋಡಬಹುದು. ಟ್ರೈಪಾಡ್‌ನ ಕಾಲುಗಳು ಕದಲದಂತೆ ಹಲಗೆಯಲ್ಲಿ ಮೂರು ಗುಳಿ ತೋಡಿಸಿ.

ಈಗ ಹಳಿ. ನಿಮ್ಮ ಐದು ಕಿಲೋ ಭಾರಕ್ಕೆ ದಪ್ಪ ಗೋಡೆಯ ಪಿವಿಸಿ ಪೈಪು ಸಾಕು. ಆದರೆ ಕ್ಯಾಮೆರಾ ಹಿಡಿದವರು ಹಲಗೆಯ ಮೇಲೆ ಕುಳಿತುಕೊಳ್ಳುವ ಆಸೆಯನ್ನು ಬಿಡಬೇಕು; ಅದಕ್ಕೆ ಸತು ಲೇಪಿಸಿದ ಕಬ್ಬಿಣದ ಜಿಐ ಪೈಪೇ ಬೇಕಾಗುತ್ತದೆ. ಪೈಪು ಕೊಳ್ಳುವಾಗ ಒಂದು ತುದಿಯಿಂದ ಕಣ್ಣಿಟ್ಟು ನೋಡಿ ನೇರವಾಗಿರುವುದನ್ನೇ ಆರಿಸಿ. ಮನೆಗೆ ತಂದ ಮೇಲೆ ಗೋಡೆಗೆ ಒರಗಿಸದೆ ನೆಲದ ಮೇಲೆ ಮಲಗಿಸಿಡಿ. ಬಿಸಿಲಿನಲ್ಲಿ ಪಿವಿಸಿ ಮೆತ್ತಗಾಗಿ ಬಾಗುತ್ತದೆ. ಮೂರು ಮೀಟರ್ ಹಳಿಯ ಮೇಲೆ 70 ಸೆಂ.ಮೀ. ಉದ್ದದ ಟ್ರಾಲಿಗೆ ಸಿಗುವ ದಾರಿ 2.3 ಮೀಟರ್. ಹೆಚ್ಚು ಬೇಕೆಂದು ಪೈಪುಗಳನ್ನು ಕೂಡಿಸುವುದಾದರೆ ಹೊರಗಿನಿಂದ ಹಾಕುವ ಕಪ್ಲಿಂಗ್ ಬಳಸಲೇಬೇಡಿ, ಚಕ್ರ ಅದನ್ನು ಹತ್ತಿ ಇಳಿಯುತ್ತದೆ. ಒಳಗೆ ಬಿಗಿಯಾಗಿ ಕೂರುವ ಮರದ ಗೂಟವನ್ನು ಎರಡೂ ಪೈಪುಗಳಿಗೆ ಅರ್ಧರ್ಧ ತೂರಿಸಿ, ಕೂಡುವ ತುದಿಗಳನ್ನು ಓರೆಯಾಗಿ ಕತ್ತರಿಸಿ. ಓರೆ ಕೂಡಿಕೆಯಲ್ಲಿ ಚಕ್ರಕ್ಕೆ ಸಂದು ಒಮ್ಮೆಗೇ ಎದುರಾಗುವುದಿಲ್ಲ. ಎರಡು ಹಳಿಗಳ ಕೂಡಿಕೆಗಳು ಎದುರೆದುರು ಬಾರದಂತೆ ಒಂದನ್ನು ಹಿಂದೆ ಮುಂದೆ ಮಾಡಿ.

ರೈಲು ಹಳಿಗೆ ಇರುವಂತೆ ಇದಕ್ಕೂ ಸುಮಾರು 60 ಸೆಂ.ಮೀ.ಗೊಂದು ಮರದ ಅಡ್ಡಪಟ್ಟಿ ಬೇಕು. ಹಳೆಯ ಮನೆಗಳ ಜಗಲಿಗೆ ನೀರು ಹರಿದುಹೋಗಲೆಂದು ತುಸು ಇಳಿಜಾರು ಕೊಟ್ಟಿರುವುದುಂಟು, ನೆಲ ಅಲ್ಲಲ್ಲಿ ಕುಸಿದಿರುವುದೂ ಉಂಟು. ಎಲ್ಲಕ್ಕಿಂತ ಎತ್ತರದ ಜಾಗವನ್ನು ಗುರುತಿಸಿ, ಉಳಿದ ಕಡೆಯ ಅಡ್ಡಪಟ್ಟಿಗಳ ಕೆಳಗೆ ಮರದ ಬೆಣೆಗಳನ್ನು ತಳ್ಳುತ್ತ, ಗಾರೆ ಕೆಲಸದವರ ರಸಮಟ್ಟವನ್ನು ಹಳಿಯ ಉದ್ದಕ್ಕೂ, ಎರಡು ಹಳಿಗಳ ಮೇಲೆ ಅಡ್ಡಲಾಗಿಯೂ ಇಟ್ಟು ನೋಡಿ. ಅಡ್ಡ ಮಟ್ಟವೇ ಹೆಚ್ಚು ಮುಖ್ಯ. ಉದ್ದಕ್ಕೆ ಅಲ್ಪಸ್ವಲ್ಪ ಏರಿಳಿತವಿದ್ದರೆ ಕಣ್ಣು ಕ್ಷಮಿಸುತ್ತದೆ. ಅಡ್ಡಕ್ಕೆ ವಾಲಿದರೆ ನಿಮ್ಮ ಚೌಕಟ್ಟಿನಲ್ಲಿರುವ ಕಂಬಗಳೆಲ್ಲ ಶಾಟ್‌ನ ನಡುವೆ ಓಲಾಡುತ್ತವೆ. ಈ ಕೆಲಸಕ್ಕೆ ಒಂದು ಗಂಟೆ ಹಿಡಿದರೂ ಅವಸರ ಮಾಡಬೇಡಿ.

ಟ್ರಾಲಿ ಹಗುರವಾಗಿದ್ದಷ್ಟೂ ತಳ್ಳುವವರ ಕೈನಡುಕ ಚಿತ್ರಕ್ಕೆ ಇಳಿಯುತ್ತದೆ. ಹಲಗೆಯ ನಾಲ್ಕು ಮೂಲೆಗಳಲ್ಲಿ, ಚಕ್ರಗಳ ನೇರಕ್ಕೆ, ಮರಳು ತುಂಬಿದ ಸಣ್ಣ ಚೀಲಗಳನ್ನಿಟ್ಟು ಒಟ್ಟು ಹತ್ತು ಕಿಲೋ ಭಾರ ಸೇರಿಸಿ. ಚಲನೆ ಆರಂಭವಾಗುವುದೂ ನಿಲ್ಲುವುದೂ ಮೃದುವಾಗುತ್ತದೆ. ತಳ್ಳುವಾಗ ಟ್ರೈಪಾಡನ್ನು ಮುಟ್ಟದೆ ಹಲಗೆಯನ್ನೇ ತಳ್ಳಬೇಕು.

ನಿಮ್ಮ ಸ್ಥಳದ ಬಗ್ಗೆಯೂ ಒಂದು ಮಾತು. ಟ್ರಾಲಿ ಶಾಟ್‌ನ ಸೊಬಗು ಇರುವುದು ಹತ್ತಿರದ ವಸ್ತು ಬೇಗ ಸರಿದು, ದೂರದ ವಸ್ತು ನಿಧಾನವಾಗಿ ಸರಿಯುವುದರಲ್ಲಿ. ಝೂಮ್ ಮಾಡಿದಾಗ ಇದು ದೊರೆಯುವುದಿಲ್ಲ. ಜಗಲಿಯ ಕಂಬಗಳು ಕ್ಯಾಮೆರಾಕ್ಕೆ ಹತ್ತಿರವಾಗಿ ಹಾದುಹೋಗುವಂತೆ ಹಳಿ ಹಾಸಿ, ಪಾತ್ರವನ್ನು ತೊಟ್ಟಿಯ ಆಚೆ ಬದಿಯಲ್ಲಿ ಕೂರಿಸಿದರೆ ಎರಡು ಮೀಟರ್ ಚಲನೆಯೂ ಬಹಳ ದೊಡ್ಡದಾಗಿ ಕಾಣುತ್ತದೆ. ಅಂಥ ಮನೆ ಸಿಕ್ಕಿರುವುದೇ ನಿಮ್ಮ ಭಾಗ್ಯ. 24 ಅಥವಾ 35 ಮಿ.ಮೀ. ಲೆನ್ಸ್ ಬಳಸಿ. 85 ಮಿ.ಮೀ. ಲೆನ್ಸ್ ಹಾಕಿದರೆ ಹಳಿಯ ಪ್ರತಿಯೊಂದು ದೋಷವೂ ಹಿಗ್ಗಿ ಕಾಣುತ್ತದೆ.

ಪ್ರಶ್ನೆ: ನಮ್ಮೂರ ಜಾತ್ರೆಯ ತೇರುಬೀದಿಯಲ್ಲಿ ಹಳಿ ಹಾಕುವಂತಿಲ್ಲ. ಟ್ರಾಲಿಯ ಬದಲು ಗಾಲಿಕುರ್ಚಿ ಬಳಸಬಹುದೇ?
– ಓದುಗರು, ಕೊಪ್ಪಳ

ಉತ್ತರ: ಬಳಸಬಹುದು, ಅದಕ್ಕೆ ಗೌರವದ ಪರಂಪರೆಯೇ ಇದೆ. 1960ರಲ್ಲಿ ತೆರೆಕಂಡ, ಫ್ರೆಂಚ್ ನಿರ್ದೇಶಕ ಗೊಡಾರ್ ಅವರ 'ಬ್ರೆತ್‌ಲೆಸ್' ಚಿತ್ರಕ್ಕಾಗಿ ಛಾಯಾಗ್ರಾಹಕ ರಾವುಲ್ ಕುತಾರ್ ಗಾಲಿಕುರ್ಚಿಯಲ್ಲಿ ಕುಳಿತು ಚಲಿಸುವ ಶಾಟ್‌ಗಳನ್ನು ತೆಗೆದರು. ಕ್ಯಾಮೆರಾವನ್ನು ಕುರ್ಚಿಗೆ ಕಟ್ಟಬೇಡಿ. ಮೊಣಕೈಗಳನ್ನು ಮೈಗೆ ಒತ್ತಿಕೊಂಡು ಕೈಯಲ್ಲೇ ಹಿಡಿದರೆ ನೆಲದ ಅದುರನ್ನು ದೇಹ ಹೀರಿಕೊಳ್ಳುತ್ತದೆ. ಗಾಳಿ ತುಂಬುವ ಟೈರಿನ ಕುರ್ಚಿಯಾದರೆ ಗಾಳಿಯನ್ನು ಸ್ವಲ್ಪ ಇಳಿಸಿ. ಮುಂದಿನ ಸಣ್ಣ ಗಾಲಿಗಳು ಕಲ್ಲಿಗೆ ಸಿಕ್ಕಿ ತಡೆಯುವುದರಿಂದ, ಸಾಧ್ಯವಾದಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಎಳೆಯಿರಿ. ಜನಜಂಗುಳಿಯಲ್ಲಿ ದಾರಿ ಬಿಡಿಸಲೆಂದೇ ಒಬ್ಬರು ಮುಂದೆ ನಡೆಯಬೇಕು. ತೇರು ಚಲಿಸುತ್ತಿರುವಾಗ ಅದರ ಹಾದಿಯಲ್ಲಿ ಕುರ್ಚಿ ಇರಲೇಕೂಡದು.

ಪ್ರಶ್ನೆ: ನಾನು ಮಾಡಿರುವ ಟ್ರಾಲಿ ಚೆನ್ನಾಗಿ ಓಡುತ್ತದೆ, ಆದರೆ ಸಂಭಾಷಣೆಯ ನಡುವೆ ಅದರ ಸದ್ದು ಕೇಳಿಸುತ್ತದೆ. ಏನು ಮಾಡಲಿ?
– ಓದುಗರು, ಧಾರವಾಡ

ಉತ್ತರ: ಸದ್ದು ಎಲ್ಲಿಂದ ಬರುತ್ತಿದೆ ಎಂಬುದನ್ನು ಮೊದಲು ಪತ್ತೆ ಮಾಡಿ. ಚಕ್ರವೊಂದನ್ನು ಎತ್ತಿ ಹಿಡಿದು ತಿರುಗಿಸಿದಾಗ ಗರಗರ ಎಂದರೆ ಬೇರಿಂಗ್‌ಗೆ ಧೂಳು ಹೊಕ್ಕಿದೆ ಎಂದರ್ಥ. ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯ ಒಂದೆರಡು ಹನಿ ಬಿಡಿ. ಚಕ್ರ ಪೈಪಿನ ಮೇಲೆ ಕೀರಲುಗುಡುತ್ತಿದ್ದರೆ ಪೈಪನ್ನು ಒರೆಸಿ ಟಾಲ್ಕಂ ಪೌಡರ್ ಸವರಿ ಅಥವಾ ಸಿಲಿಕೋನ್ ಸ್ಪ್ರೇ ಹಾಕಿ. ಗ್ರೀಸ್ ಹಚ್ಚಿದರೆ ಅದು ಧೂಳನ್ನು ಹಿಡಿದು ತೊಂದರೆ ಹೆಚ್ಚಿಸುತ್ತದೆ. ಹಲಗೆಯೇ ಕಿರುಗುಟ್ಟುತ್ತಿದ್ದರೆ ಬೋಲ್ಟುಗಳ ಕೆಳಗೆ ರಬ್ಬರ್ ವಾಷರ್ ಹಾಕಿ. ಟೊಳ್ಳು ಗುಡುಗುಡು ಸದ್ದು ಬಂದರೆ ಅಡ್ಡಪಟ್ಟಿಗಳ ಕೆಳಗೆ ಹಳೆಯ ಕಂಬಳಿ ಮಡಿಸಿ ಹಾಸಿ, ಅದು ಅದುಮಿಕೊಳ್ಳುವುದರಿಂದ ಮಟ್ಟವನ್ನು ಮತ್ತೊಮ್ಮೆ ಪರೀಕ್ಷಿಸಿ. ಇಷ್ಟಾದರೂ ಸದ್ದು ಉಳಿದರೆ, ಶಾಟ್ ಮುಗಿದ ಕೂಡಲೇ ಅದೇ ಜಾಗದಲ್ಲಿ, ಟ್ರಾಲಿಯನ್ನು ನಿಲ್ಲಿಸಿ, ನಟರಿಂದ ಅವೇ ಮಾತುಗಳನ್ನು ಅದೇ ವೇಗದಲ್ಲಿ ಆಡಿಸಿ ಪ್ರತ್ಯೇಕವಾಗಿ ಧ್ವನಿಮುದ್ರಿಸಿಕೊಳ್ಳಿ.