ಕಾಲೇಜು ಲೈಬ್ರರಿಯ ಕಂಪ್ಯೂಟರ್ ‘ಇಲ್ಲ’ ಅಂದರೆ ಪುಸ್ತಕ ನಿಜಕ್ಕೂ ಇಲ್ಲವಾ?

ಹುಬ್ಬಳ್ಳಿಯಿಂದ ಮುಂಬೈಗೆ ಬಂದು ಮೀಡಿಯಾ ಓದುತ್ತಿದ್ದೀರಿ. ಕನ್ನಡ ಸಿನಿಮಾ ಮೇಲೆ ಪ್ರಾಜೆಕ್ಟ್ ಮಾಡಬೇಕು. ಕಾಲೇಜು ಲೈಬ್ರರಿಯ ಕಂಪ್ಯೂಟರಿನಲ್ಲಿ ಪುಸ್ತಕ ಹುಡುಕಿದರೂ ‘ನೋ ರಿಸಲ್ಟ್ಸ್’, ಡಿವಿಡಿ ಹುಡುಕಿದರೂ ‘ನೋ ರಿಸಲ್ಟ್ಸ್’. ಏನು ಮಾಡಲಿ ಅಂತ ಕೇಳಿದ್ದೀರಿ, ಅಲ್ವಾ?

ನಾನು ಮುಂಬೈ ಉಪನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಹನ್ನೊಂದು ವರ್ಷ ಅಸಿಸ್ಟೆಂಟ್ ಆಗಿದ್ದೆ. ಅಂಥ ಕಂಪ್ಯೂಟರಿಗೆ ಪುಸ್ತಕಗಳ ಹೆಸರು ತುಂಬಿಸಿದವರಲ್ಲಿ ನಾನೂ ಒಬ್ಬಳು. ಅದಕ್ಕೇ ಹೇಳುತ್ತೇನೆ, ಅದರ ಮಾತನ್ನು ಅಷ್ಟು ಸುಲಭಕ್ಕೆ ನಂಬಬೇಡಿ. ಎಷ್ಟೋ ಸಲ ಪುಸ್ತಕ ಇರುತ್ತದೆ, ನೀವು ಬರೆದ ಸ್ಪೆಲ್ಲಿಂಗ್ ಇರುವುದಿಲ್ಲ.

ಗೀತಾ, ಲತಾ, ಮೂರ್ತಿ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ನಾವು ‘ಟಿ’ ಪಕ್ಕ ‘ಎಚ್’ ಹಾಕುತ್ತೇವೆ. ಮರಾಠಿಯವರು ಬರೀ ‘ಟಿ’ ಬರೆಯುತ್ತಾರೆ. ಇಲ್ಲಿ ಡೇಟಾ ಎಂಟ್ರಿಗೆ ಕೂರುವವರು ಹೆಚ್ಚಾಗಿ ಮರಾಠಿಯವರೇ. ಕೃಷ್ಣಮೂರ್ತಿ ಅನ್ನುವ ಒಂದೇ ಹೆಸರು ನಮ್ಮಲ್ಲಿ ನಾಲ್ಕು ಅವತಾರದಲ್ಲಿತ್ತು. ‘ಎಚ್’ ಇದ್ದದ್ದು, ಇಲ್ಲದ್ದು, ‘ಯು’ ಇದ್ದದ್ದು, ಎರಡು ‘ಓ’ ಇದ್ದದ್ದು. ಹಾಗಾಗಿ ಪೂರ್ತಿ ಹೆಸರು ಬರೆಯಲೇಬೇಡಿ. ನಿಮ್ಮ ಕಾಲೇಜಿನಲ್ಲಿ ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಇದ್ದರೆ (ಪುಕ್ಕಟೆ ಸಿಗುತ್ತದೆ, ಹಾಗಾಗಿ ಬಹಳ ಕಡೆ ಅದೇ) ‘ಕೃಷ್ಣ’ ತನಕ ಇಂಗ್ಲಿಷಿನಲ್ಲಿ ಬರೆದು ಪಕ್ಕದಲ್ಲೇ ನಕ್ಷತ್ರದ ಗುರುತು ಹಾಕಿ. ನಾಲ್ಕೂ ಅವತಾರ ಒಟ್ಟಿಗೆ ಎದ್ದು ಬರುತ್ತವೆ.

ಇನ್ನೊಂದು ಫಜೀತಿ ಸರ್‌ನೇಮಿನದು. ಸರ್‌ನೇಮ್ ಇಲ್ಲದ ಮನುಷ್ಯ ಇರಬಹುದು ಅಂತ ಇಲ್ಲಿ ಯಾರಿಗೂ ಹೊಳೆಯುವುದಿಲ್ಲ. ನಮ್ಮವರ ಹೆಸರಿನ ಮುಂದೆ ಊರಿನದೊಂದು, ಅಪ್ಪನದೊಂದು ಇನಿಶಿಯಲ್ ಇರುತ್ತದೆ. ಎಂಟ್ರಿ ಮಾಡುವವರು ಕೆಲವೊಮ್ಮೆ ಕೊನೆಯ ಪದವನ್ನು ಸರ್‌ನೇಮ್ ಮಾಡುತ್ತಾರೆ, ಕೆಲವೊಮ್ಮೆ ಇನಿಶಿಯಲ್ಲನ್ನೇ ಸರ್‌ನೇಮ್ ಮಾಡಿಬಿಡುತ್ತಾರೆ. ಲೇಖಕರ ಹೆಸರಿನಲ್ಲಿ ಸಿಗದಿದ್ದರೆ ಪುಸ್ತಕದ ಹೆಸರಿನ ಒಂದೇ ಒಂದು ಪದ ಹಾಕಿ ನೋಡಿ.

ಇಷ್ಟಾದರೂ ಸಿಗಲಿಲ್ಲ ಅಂದರೆ ಕಂಪ್ಯೂಟರ್ ಬಿಟ್ಟು ಎದ್ದು ರ‍್ಯಾಕಿಗೆ ಹೋಗಿ. ಡ್ಯೂಯಿ ನಂಬರ್ (ವಿಷಯದ ಪ್ರಕಾರ ಪುಸ್ತಕಕ್ಕೆ ಕೊಡುವ ನಂಬರ್) ಇಡುವ ಲೈಬ್ರರಿಯಾದರೆ ಕನ್ನಡ ಸಾಹಿತ್ಯ 894.814ರಲ್ಲಿರುತ್ತದೆ. ಸಿನಿಮಾ 791.43. ಆದರೆ ನಿಮ್ಮ ವಿಷಯ ಒಂದೇ ಕಡೆ ಕೂತಿರುವುದಿಲ್ಲ. ಮಾಧ್ಯಮ ಮತ್ತು ಸಮಾಜ ಅನ್ನುವಂಥ ಪುಸ್ತಕ 302.23ಕ್ಕೆ ಹೋಗಿರುತ್ತದೆ, ಸಿನಿಮಾ ವ್ಯಾಪಾರದ್ದು 384ಕ್ಕೆ, ಕ್ಯಾಮೆರಾ ಕೆಲಸದ್ದು ಹಳೆಯದಾದರೆ 778ಕ್ಕೆ, ಹೊಸದಾದರೆ 777ಕ್ಕೆ. ಒಂದು ಮಧ್ಯಾಹ್ನ ಈ ನಂಬರುಗಳ ಮುಂದೆ ಸುಮ್ನೆ ನಿಂತು ಬೆನ್ನಿನ ಚೀಟಿ ಓದಿ. ಹಳೆಯ ಕಾಲೇಜುಗಳಲ್ಲಿ ರ‍್ಯಾಕಿನ ಹತ್ತಿರ ಬಿಡುವುದಿಲ್ಲ, ಚೀಟಿ ಬರೆದು ಕೊಟ್ಟರೆ ಪ್ಯೂನ್ ತಂದುಕೊಡುತ್ತಾರೆ. ಅಲ್ಲಿ ಲೈಬ್ರೇರಿಯನ್ ಹತ್ತಿರ ಹೋಗಿ, ಪ್ರಾಜೆಕ್ಟ್ ಇದೆ, ಅರ್ಧ ಗಂಟೆ ಒಳಗೆ ನೋಡಲಾ ಅಂತ ಕೇಳಿ. ನಮ್ಮ ಮೇಡಂ ಯಾರಿಗೂ ಬೇಡ ಅಂದದ್ದು ನಾನು ನೋಡಿಲ್ಲ. ಕೇಳುವವರೇ ಕಡಿಮೆ.

ಕನ್ನಡದ ರ‍್ಯಾಕ್ ಖಾಲಿ ಕಂಡರೂ ಬೇಜಾರಾಗಬೇಡಿ. ನಾನು ಸೇರಿದ ಎರಡನೇ ವರ್ಷ ಸ್ಟಾಕ್ ಟೇಕಿಂಗ್ ನಡೆದಿತ್ತು. ನಾನು ಅಕ್ಸೆಶನ್ ನಂಬರ್ (ಒಂದೊಂದು ಪುಸ್ತಕಕ್ಕೂ ರಿಜಿಸ್ಟರಿನಲ್ಲಿ ಕೊಟ್ಟ ನಂಬರ್) ಕೂಗುವುದು, ಪ್ಯೂನ್ ಕಾಕಾ ರಿಜಿಸ್ಟರಿನಲ್ಲಿ ಟಿಕ್ ಹಾಕುವುದು. ಕಿಟಕಿ ಪಕ್ಕದ ರ‍್ಯಾಕಿನಲ್ಲಿ 894.827 ಅಂತ ಚೀಟಿ ಅಂಟಿಸಿದ ಒಂದು ಸಾಲು ಇತ್ತು. ಅದು ತೆಲುಗಿನ ನಂಬರ್. ಧೂಳು ಒರೆಸಿ ತೆಗೆದರೆ ಒಳಗೆ ಅಚ್ಚ ಕನ್ನಡ! ಹತ್ತೊಂಬತ್ತು ಪುಸ್ತಕ. ಅಕ್ಷರ ದುಂಡಗಿದೆ, ತೆಲುಗೇ ಇರಬೇಕು ಅಂತ ಯಾರೋ ಯಾವಾಗಲೋ ನಿರ್ಧಾರ ಮಾಡಿದ್ದರು. ಕಾಕಾನ ಹತ್ತಿರ ಹೇಳಿದರೆ ಅವರು ಎರಡು ಪುಸ್ತಕ ಅಕ್ಕಪಕ್ಕ ಹಿಡಿದು ನೋಡಿ, ‘ಸಗಳೀ ಜಿಲೇಬಿಚ್ ಆಹೇ’ (ಎಲ್ಲಾ ಜಿಲೇಬಿಯೇ) ಅಂದರು. ಹೊಸ ಚೀಟಿ ಅಂಟಿಸಲು ನನಗೆ ಎರಡು ದಿನ ಹಿಡಿಯಿತು. ಆದ್ದರಿಂದ ನೀವೂ ತೆಲುಗು, ತಮಿಳಿನ ಸಾಲು ಒಮ್ಮೆ ನೋಡಿಬಿಡಿ. ತಮಿಳು 894.811.

‘ಅವೈಲೆಬಲ್’ ಅಂತ ತೋರಿಸಿ ಜಾಗದಲ್ಲಿ ಪುಸ್ತಕ ಇಲ್ಲದಿದ್ದರೆ ಮೊದಲು ವಾಪಸ್ ಬಂದ ಪುಸ್ತಕಗಳ ಟ್ರಾಲಿ, ಆಮೇಲೆ ರೀಡಿಂಗ್ ರೂಮಿನ ಮೇಜು ನೋಡಿ. ಪರೀಕ್ಷೆ ಹತ್ತಿರ ಇದ್ದರೆ ಹುಡುಗರು ಬೇಕಾದ ಪುಸ್ತಕವನ್ನು ಯಾರೂ ಮುಟ್ಟದ ರ‍್ಯಾಕಿನ ಹಿಂದೆ ಬಚ್ಚಿಟ್ಟಿರುತ್ತಾರೆ. ನಮ್ಮಲ್ಲಿ ಆ ಭಾಗ್ಯ ತರ್ಕಶಾಸ್ತ್ರದ ರ‍್ಯಾಕಿಗಿತ್ತು.

ಈಗ ಡಿವಿಡಿ. ಇವು ರ‍್ಯಾಕಿನಲ್ಲಿ ಸಿಗುವುದು ಅಪರೂಪ. ಇಶ್ಯೂ ಕೌಂಟರಿನ ಹಿಂದೆ ಬೀಗ ಹಾಕಿದ ಕಪಾಟಿನಲ್ಲಿರುತ್ತವೆ, ಅಥವಾ ಮೀಡಿಯಾ ಡಿಪಾರ್ಟ್‌ಮೆಂಟಿನ ಯಾವುದೋ ಡ್ರಾಯರಿನಲ್ಲಿ. ಎಷ್ಟೋ ಕಡೆ ಅವು ಕಂಪ್ಯೂಟರಿಗೆ ಏರಿರುವುದೇ ಇಲ್ಲ, ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಕೈಬರಹದ ಪಟ್ಟಿ ಇರುತ್ತದೆ. ಆ ನೋಟ್‌ಬುಕ್ ಕೇಳಿ. ಇನ್ನೊಂದು ಗುಟ್ಟು: ಪುಸ್ತಕದ ವಿವರದಲ್ಲಿ ಪುಟ ಎಷ್ಟು, ಎತ್ತರ ಎಷ್ಟು ಅಂತ ಬರೆದ ಸಾಲಿನ ಕೊನೆಗೆ ಕೂಡಿಸುವ ಗುರುತು ಹಾಕಿ ‘1 ಸಿಡಿ’ ಅಂತ ಇದ್ದರೆ, ಆ ಪುಸ್ತಕದ ಜೊತೆ ಡಿಸ್ಕ್ ಬಂದಿದೆ ಅಂತ ಅರ್ಥ. ಡಿಸ್ಕ್ ಕಳೆಯಬಾರದು ಅಂತ ಅದನ್ನು ತೆಗೆದು ಬೇರೆ ಇಟ್ಟಿರುತ್ತಾರೆ. ನೀವಾಗಿ ಕೇಳದಿದ್ದರೆ ಯಾರೂ ಕೊಡುವುದಿಲ್ಲ. ಮನೆಗೆ ಕೊಡದಿದ್ದರೆ ಅಲ್ಲೇ ಕೂತು ನೋಡಬೇಕು, ಮತ್ತು ಈಗಿನ ಲ್ಯಾಪ್‌ಟಾಪಿನಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಒಂದನ್ನು ಯಾರಿಂದಲಾದರೂ ಎರವಲು ತಂದುಕೊಳ್ಳಿ.

ಲೈಬ್ರೇರಿಯನ್ ಹತ್ತಿರ ಹೋದಾಗ ಎನ್-ಲಿಸ್ಟ್ ಲಾಗಿನ್ ಬಗ್ಗೆಯೂ ಕೇಳಿ. ಗುಜರಾತಿನ ಗಾಂಧಿನಗರದಲ್ಲಿರುವ ಇನ್‌ಫ್ಲಿಬ್‌ನೆಟ್ ಅನ್ನುವ ಸರಕಾರಿ ಕೇಂದ್ರ ನಡೆಸುವ ಯೋಜನೆ. ಕಾಲೇಜು ಸದಸ್ಯ ಆಗಿದ್ದರೆ ನಿಮ್ಮ ಹೆಸರಿಗೇ ಯೂಸರ್ ಐಡಿ ಕೊಡುತ್ತಾರೆ, ಹಾಸ್ಟೆಲ್ಲಿನಲ್ಲಿ ಕೂತು ಇ-ಪುಸ್ತಕ, ಜರ್ನಲ್ ಓದಬಹುದು. ಕನ್ನಡದ ವಿಷಯಕ್ಕೆ ಮಾತ್ರ ನನಗೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಅವರದೇ ಶೋಧಗಂಗಾ ವೆಬ್‌ಸೈಟ್. ಅಲ್ಲಿರುವ ಪಿಎಚ್‌ಡಿ ಪ್ರಬಂಧಗಳೆಲ್ಲ ಪುಕ್ಕಟೆ. ಪ್ರಬಂಧ ಪೂರ್ತಿ ಓದದಿದ್ದರೂ ಪರವಾಗಿಲ್ಲ, ಕೊನೆಯ ಗ್ರಂಥಸೂಚಿ ಇಳಿಸಿಕೊಳ್ಳಿ. ನಿಮಗೆ ಬೇಕಾದ ಪುಸ್ತಕಗಳ ಪಟ್ಟಿಯನ್ನು ಇನ್ಯಾರೋ ವರ್ಷಗಟ್ಟಲೆ ಒದ್ದಾಡಿ ಮಾಡಿಟ್ಟಿರುತ್ತಾರೆ. ಆ ಪಟ್ಟಿ ಹಿಡಿದು ಕಲೀನಾ ಕ್ಯಾಂಪಸ್ಸಿಗೆ ಹೋಗಿ. ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಅಲ್ಲೇ ಇದೆ, ದೊಡ್ಡ ಲೈಬ್ರರಿಯೂ ಅಲ್ಲೇ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್ ಅನ್ನುವ ವೆಬ್‌ಸೈಟಿನಲ್ಲೂ ರಾಶಿ ಇದೆ, ಆದರೆ ಅಲ್ಲಿಯೂ ‘ಟಿ-ಎಚ್’ ಕಾಟ ತಪ್ಪಿದ್ದಲ್ಲ.

ಸಿನಿಮಾದ್ದೇ ಪ್ರಾಜೆಕ್ಟ್ ಆದ್ದರಿಂದ ಒಂದು ದಿನ ಪುಣೆಗೆ ಹೋಗಿ ಬನ್ನಿ. ಲಾ ಕಾಲೇಜ್ ರಸ್ತೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ, 1964ರಲ್ಲಿ ಶುರುವಾದದ್ದು. ಸಿನಿಮಾ ರೀಲುಗಳಷ್ಟೇ ಅಲ್ಲ, ಪುಸ್ತಕ, ಪೋಸ್ಟರ್, ಸ್ಟಿಲ್ ಫೋಟೋ, ಹಿಂದೆ ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ ಇವೆಲ್ಲ ಅವರ ಸಂಗ್ರಹದಲ್ಲಿವೆ. ಮೊದಲೇ ಫೋನ್ ಮಾಡಿ ಏನು ನೋಡಬೇಕು ಅಂತ ಹೇಳಿ. ನಿಮ್ಮ ಲೈಬ್ರೇರಿಯನ್ ಹತ್ತಿರ ಒಂದು ಲೆಟರ್ ಬರೆಸಿಕೊಳ್ಳಿ, ಸಹಿಯ ಕೆಳಗೆ ಸೀಲ್ ಇರಲಿ. ಐಡಿ ಕಾರ್ಡಿನ ಜೆರಾಕ್ಸ್ ಎರಡು ಇಟ್ಟುಕೊಳ್ಳಿ. ಬೆಳಗ್ಗೆ ದಾದರಿನಲ್ಲಿ ಇಂದ್ರಾಯಣಿ ಎಕ್ಸ್‌ಪ್ರೆಸ್ ಹತ್ತಿದರೆ ಸಂಜೆ ಅದೇ ಗಾಡಿಗೆ ವಾಪಸ್ ಬರಬಹುದು.